ಬಾಯಿ ಬಿಡಿಸುವ ಪರೀಕ್ಷೆ: ವಿದೇಶಿ ಭಾಷೆ ಕಲಿಸುವವರು ಪ್ರಶ್ನೆಪತ್ರಿಕೆ ಮಾಡುವ ಬಗೆ

ನಾನು ಮಾಡಿದ ಮೊದಲ ಪರೀಕ್ಷೆಯಲ್ಲಿ ಎಲ್ಲರೂ ಪಾಸು. 50 ಅಂಕಕ್ಕೆ 50 ಪ್ರಶ್ನೆ. ಎಲ್ಲವೂ ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕುವಂಥವು. ಒಬ್ಬಳಿಗೆ 47 ಬಂತು. ತಿಂಗಳಾದ ಮೇಲೆ ಅವಳು ಕೆಲಸ ಮಾಡುವ ಕಡೆ ಜಪಾನಿನಿಂದ ಒಬ್ಬ ಎಂಜಿನಿಯರ್ ಬಂದರು. ಅವಳ ಮುಂದಿದ್ದ ಡಬ್ಬ ಕೈಗೆತ್ತಿಕೊಂಡು ‘ಕೊರೆ ವ ನನ್ ದೆಸ್ ಕ’ ಅಂದರು, ಇದೇನು ಅಂತ. ನಮ್ಮ ಕ್ಲಾಸಿನ ಮೊದಲ ವಾರದ ವಾಕ್ಯ ಅದು. ಉತ್ತರ ಗೊತ್ತಿತ್ತು, ನಾಲಿಗೆ ಹೊರಳಲಿಲ್ಲ. ಶನಿವಾರ ಬಂದವಳು, ‘ನೀವು ಯಾವತ್ತೂ ನನ್ನ ಬಾಯಿಂದ ಕೇಳೇ ಇರಲಿಲ್ಲವಲ್ಲ ಸಾರ್’ ಅಂದಳು.

ಆವತ್ತು ಫೇಲಾಗಿದ್ದು ನನ್ನ ಪ್ರಶ್ನೆಪತ್ರಿಕೆ.

ಕೋಲಾರದ ಒಂದು ಮಹಡಿ ಕೋಣೆಯಲ್ಲಿ ವಾರಕ್ಕೆರಡು ಸಂಜೆ ಜಪಾನಿ ಭಾಷೆ ಹೇಳಿಕೊಡುತ್ತೇನೆ. 2013ರಲ್ಲಿ ನರಸಾಪುರಕ್ಕೆ ಹೋಂಡಾ ಬಂತು, ಸುತ್ತಮುತ್ತ ಇನ್ನೂ ಎಷ್ಟೋ ಕಾರ್ಖಾನೆಗಳು ಬಂದವು. ಶಿಫ್ಟ್ ಮುಗಿಸಿದ ಐಟಿಐ, ಡಿಪ್ಲೊಮಾ ಹುಡುಗ ಹುಡುಗಿಯರು ಬರುತ್ತಾರೆ. ಜಪಾನಿಗೆ ಹೋಗಬೇಕು ಅನ್ನುವ ನರ್ಸುಗಳೂ ಇದ್ದಾರೆ. ತುಮಕೂರಿನ ವಸಂತನರಸಾಪುರದ ಕಡೆಯಿಂದಲೂ ಕಲಿಸುವವರು ಫೋನ್ ಮಾಡಿ ‘ಪೇಪರ್ ಹೇಗೆ ಸೆಟ್ ಮಾಡ್ತೀರಿ’ ಅಂತ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗಳು ಜಪಾನಿಯವು, ದಾರಿ ಜರ್ಮನ್‌ಗೂ ಫ್ರೆಂಚ್‌ಗೂ ಅದೇ.

ಮೊದಲು: ಈ ಪರೀಕ್ಷೆ ಯಾಕೆ?

ಪೆನ್ನು ಹಿಡಿಯುವ ಮುಂಚೆ ಇದಕ್ಕೆ ಒಂದೇ ಸಾಲಿನಲ್ಲಿ ಉತ್ತರ ಬರೆದುಕೊಳ್ಳಿ. ಹೊಸಬರನ್ನು ಯಾವ ಬ್ಯಾಚಿಗೆ ಹಾಕಬೇಕು ಅಂತ ತಿಳಿಯುವುದಕ್ಕಾ? ಹತ್ತು ಪಾಠ ಆಯಿತು, ಎಲ್ಲಿ ಎಡವುತ್ತಿದ್ದಾರೆ ಅಂತ ನೋಡುವುದಕ್ಕಾ? ಅಥವಾ ಕೋರ್ಸ್ ಮುಗಿಯಿತು, ಸರ್ಟಿಫಿಕೇಟ್ ಕೊಡುವುದಕ್ಕಾ? ಮೂರಕ್ಕೂ ಒಂದೇ ಪೇಪರ್ ಆಗುವುದಿಲ್ಲ.

ಬ್ಯಾಚಿಗೆ ಹಾಕುವ ಪರೀಕ್ಷೆಗೆ ಹತ್ತು ನಿಮಿಷದ ಮಾತು ಸಾಕು. ಸುಲಭದಿಂದ ಶುರು ಮಾಡಿ, ಅವರು ನಿಲ್ಲುವವರೆಗೆ ಹೋಗಿ, ಅಲ್ಲಿಗೆ ಬಿಡಿ. ನಡುವಿನ ಪರೀಕ್ಷೆಗೆ ಅಂಕಕ್ಕಿಂತ ತಪ್ಪುಗಳ ಪಟ್ಟಿ ಮುಖ್ಯ. ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾದ್ದು ಕೊನೆಯ ಪರೀಕ್ಷೆಗೆ. ಮುಂದೆ ಹೇಳುವುದೆಲ್ಲ ಹೆಚ್ಚಾಗಿ ಅದರ ಬಗ್ಗೆ.

‘ಮಾಡಬಲ್ಲರು’ ಪಟ್ಟಿ

ಯುರೋಪಿನ ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಭಾಷೆ ಕಲಿಕೆಗೆ ಎ1ರಿಂದ ಸಿ2ವರೆಗೆ ಆರು ಮೆಟ್ಟಿಲು ಇಟ್ಟಿತು. ಜರ್ಮನ್ ಕಲಿಯುವ ನರ್ಸುಗಳು ‘ಬಿ1 ಆಯ್ತು, ಬಿ2 ಬಾಕಿ’ ಅನ್ನುತ್ತಾರಲ್ಲ, ಅದು ಇದೇ. ಇದರಲ್ಲಿ ಒಂದು ಒಳ್ಳೆಯ ಗುಣ ಇದೆ. ಪ್ರತಿ ಮೆಟ್ಟಿಲಲ್ಲೂ ಎಷ್ಟು ವ್ಯಾಕರಣ ಗೊತ್ತಿರಬೇಕು ಅಂತ ಹೇಳುವುದಿಲ್ಲ, ಆ ಭಾಷೆಯಲ್ಲಿ ಏನು ಮಾಡಬಲ್ಲರು ಅಂತ ಹೇಳುತ್ತದೆ. ಜಪಾನ್ ಫೌಂಡೇಶನ್ ಕೂಡ 2010ರಲ್ಲಿ ಇದೇ ಬಗೆಯ ಪಟ್ಟಿ ತಂದಿತು.

ನೀವೂ ಹತ್ತು ವಾಕ್ಯ ಬರೆಯಿರಿ, ಕನ್ನಡದಲ್ಲೇ. ನನ್ನ ಮೊದಲ ಹಂತದ ಪಟ್ಟಿಯಲ್ಲಿ ಇಂಥವು ಇವೆ: ತನ್ನ ಹೆಸರು, ಊರು, ಕೆಲಸ ಹೇಳಬಲ್ಲಳು. ಗಂಟೆ, ಬೆಲೆ, ತಾರೀಖು ಕೇಳಿ ಬರೆದುಕೊಳ್ಳಬಲ್ಲಳು. ಇವತ್ತು ತಡವಾಗುತ್ತದೆ ಅಂತ ಫೋನಿನಲ್ಲಿ ತಿಳಿಸಬಲ್ಲಳು. ಗೋಡೆಯ ಮೇಲಿನ ಚಿಕ್ಕ ಸೂಚನೆ ಓದಬಲ್ಲಳು. ಅರ್ಥವಾಗದಿದ್ದರೆ ‘ಇನ್ನೊಮ್ಮೆ ಹೇಳಿ’ ಅಂತ ಕೇಳಬಲ್ಲಳು. ಈ ಕೊನೆಯದನ್ನು ಬಿಡಬೇಡಿ. ನಮ್ಮ ಹುಡುಗರು ಅರ್ಥವಾಗದಿದ್ದರೂ ‘ಹಾಯ್ ಹಾಯ್’, ಅಂದರೆ ಹೌದು ಹೌದು, ಅಂತ ತಲೆಯಾಡಿಸುತ್ತಾರೆ.

ಪಟ್ಟಿ ಬರೆದ ಮೇಲೆ ಹಳೆಯ ಪ್ರಶ್ನೆಪತ್ರಿಕೆಯನ್ನು ಪಕ್ಕದಲ್ಲಿ ಇಟ್ಟು ನೋಡಿ. ನನ್ನ ಹತ್ತರಲ್ಲಿ ಆರು ವಾಕ್ಯ ಮಾತಿಗೆ ಸೇರಿದ್ದವು. ನನ್ನ ಪೇಪರಿನಲ್ಲಿ ಮಾತಿಗೆ ಇದ್ದದ್ದು ಸೊನ್ನೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ. ಪಾಠ ಒಂದು ಕಡೆ, ಪರೀಕ್ಷೆ ಇನ್ನೊಂದು ಕಡೆ. ಹುಡುಗರು ಯಾವತ್ತೂ ಪರೀಕ್ಷೆಯ ಕಡೆಗೇ ಹೋಗುತ್ತಾರೆ, ಅವರನ್ನು ಬೈದು ಏನೂ ಆಗಬೇಕಾದ್ದಿಲ್ಲ.

ಅಂಕ ಹಂಚುವುದು

ಈಗ ಒಂದು ಹಾಳೆಯಲ್ಲಿ ಅಂಕ ಹಂಚಿ. ನನ್ನದು 60 ಅಂಕದ ಪೇಪರ್: ಮಾತು 20, ಕೇಳುವುದು 15, ಓದುವುದು 15, ಬರೆಯುವುದು 10. ನಿಮ್ಮ ಹುಡುಗರು ಇಮೇಲ್ ಬರೆಯುವ ಕೆಲಸದವರಾದರೆ ಬರವಣಿಗೆಗೆ ಜಾಸ್ತಿ ಕೊಡಿ.

ಆಮೇಲೆ ಪಾಠಗಳ ಪ್ರಕಾರ ಹಂಚಿ. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಹೋದ ವಾರದ ಪಾಠ ತಲೆಯಲ್ಲಿ ಹಸಿಯಾಗಿ ಇರುತ್ತದೆ, ಅರ್ಧ ಪೇಪರ್ ಅದರಿಂದಲೇ ಬಂದುಬಿಡುತ್ತದೆ. ಕೋಲಾರದ ಮಂಡಿಯಲ್ಲಿ 15 ಕಿಲೋ ಟೊಮೆಟೊ ಬಾಕ್ಸ್ ಕೊಳ್ಳುವವನು ಮೇಲಿನ ಸಾಲು ನೋಡಿ ದುಡ್ಡು ಕೊಡುತ್ತಾನಾ? ಕೈ ಹಾಕಿ ತಳದ ಹಣ್ಣನ್ನೂ ಎತ್ತಿ ನೋಡುತ್ತಾನೆ. ಹಾಗೇ ಮೊದಲ ಪಾಠಗಳಿಂದಲೂ ನಾಲ್ಕು ಪ್ರಶ್ನೆ ಎತ್ತಿ.

ಪ್ರಶ್ನೆ ಹುಟ್ಟುವುದು ನಮ್ಮ ತಪ್ಪಿನಿಂದ

ಪುಸ್ತಕದ ಹಿಂದಿನ ಪ್ರಶ್ನೆಗಳನ್ನು ಹಾಗೇ ಇಳಿಸಬೇಡಿ. ಅವು ಇಂಗ್ಲಿಷ್ ಮಾತಾಡುವವರಿಗೆ ಕಷ್ಟ ಆಗುವುದನ್ನು ನೋಡಿ ಮಾಡಿದಂಥವು. ಕನ್ನಡದವರಿಗೆ ಕಷ್ಟ ಆಗುವುದು ಬೇರೆ.

ಜಪಾನಿಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಪದಗಳನ್ನು ಸರಿಯಾಗಿ ಜೋಡಿಸಿ ಅನ್ನುವ ಪ್ರಶ್ನೆ ಇಂಗ್ಲಿಷಿನವನಿಗೆ ತಲೆನೋವು, ನಮ್ಮವರಿಗೆ ಬಿಟ್ಟಿ ಅಂಕ. ‘ಒಬಸನ್’ ಅಂದರೆ ಅತ್ತೆ ಚಿಕ್ಕಮ್ಮ ಯಾರಾದರೂ ಆಗಬಹುದು, ‘ಒಬಾಸನ್’ ಅಂದರೆ ಅಜ್ಜಿ. ಹ್ರಸ್ವ ದೀರ್ಘದ ಈ ವ್ಯತ್ಯಾಸ ಕೇಳಿಸಿಕೊಳ್ಳಲು ಬೇರೆಯವರು ತಿಂಗಳುಗಟ್ಟಲೆ ಒದ್ದಾಡುತ್ತಾರೆ. ಬಲಿ ಬೇರೆ ಬಾಲಿ ಬೇರೆ ಅಂತ ಬಾಲವಾಡಿಯಲ್ಲೇ ಕಲಿತ ನಮ್ಮ ಕಿವಿಗೆ ಅದೇನು ಕಷ್ಟ? ‘ಕಿತೆ’ ಅಂದರೆ ಬಾ, ‘ಕಿತ್ತೆ’ ಅಂದರೆ ಅಂಚೆಚೀಟಿ. ಒತ್ತಕ್ಷರವೂ ನಮಗೆ ಹೊಸದಲ್ಲ. ಹುಲ್ಲು ಕಿತ್ತೆ ಅಂತ ನಗುತ್ತಾ ನೆನಪಿಟ್ಟುಕೊಳ್ಳುತ್ತಾರೆ. ಇಂಥವನ್ನು ಒಂದೆರಡು ಇಡಿ, ಧೈರ್ಯಕ್ಕೆ. ಹತ್ತು ಇಟ್ಟರೆ ಅಂಕ ಸುಮ್ನೆ ಉಬ್ಬುತ್ತದೆ.

ಎಡವುವ ಜಾಗಗಳು ಬೇರೆ ಇವೆ. ‘ನಾಯಿ ಇದೆ’ ಅನ್ನುವುದಕ್ಕೆ ನಮ್ಮವರು ಥಟ್ಟನೆ ‘ಅರಿಮಸು’ ಅನ್ನುತ್ತಾರೆ. ಕನ್ನಡದಲ್ಲಿ ಮೇಜೂ ಇದೆ, ನಾಯಿಯೂ ಇದೆ, ಮನುಷ್ಯ ಮಾತ್ರ ಇದ್ದಾನೆ. ಜಪಾನಿಯಲ್ಲಿ ಗೆರೆ ಎಳೆದಿರುವುದು ಬೇರೆ ಕಡೆ: ಜೀವ ಇದ್ದು ಓಡಾಡುವುದೆಲ್ಲ ‘ಇಮಸು’, ಮಿಕ್ಕಿದ್ದು ‘ಅರಿಮಸು’. ನಾಯಿಗೆ ‘ಇಮಸು’ ಅನ್ನಬೇಕು. ಮನೆಯಲ್ಲಿ ತೆಲುಗು ಆಡುವ ನಮ್ಮ ಮುಳಬಾಗಿಲು, ಶ್ರೀನಿವಾಸಪುರದ ಹುಡುಗರ ಕಥೆ ಇನ್ನೂ ಮಜಾ. ತೆಲುಗಿನಲ್ಲಿ ಹೆಂಗಸಿಗೂ ‘ಉಂದಿ’, ನಾಯಿಗೂ ‘ಉಂದಿ’, ಮೇಜಿಗೂ ‘ಉಂದಿ’. ಒಮ್ಮೆ ಒಬ್ಬ ತನ್ನ ತಂಗಿಗೇ ‘ಅರಿಮಸು’ ಹಾಕಿದ್ದ.

ಇನ್ನೊಂದು ‘ಅಲ್ಲಿ’. ಕೋಲಾರದಲ್ಲಿ ಇದ್ದೇನೆ, ಕೋಲಾರದಲ್ಲಿ ಕೆಲಸ ಮಾಡುತ್ತೇನೆ. ನಮಗೆ ಎರಡಕ್ಕೂ ಅದೇ ‘ಅಲ್ಲಿ’. ಜಪಾನಿಯಲ್ಲಿ ಇರುವುದಕ್ಕೆ ‘ನಿ’, ಕೆಲಸ ನಡೆಯುವುದಕ್ಕೆ ‘ದೆ’. ಮತ್ತೆ ನಮಗೆ ‘ಇದು’, ‘ಅದು’ ಎರಡೇ. ಅವರಿಗೆ ಮೂರು: ನನ್ನ ಹತ್ತಿರದ್ದು ‘ಕೊರೆ’, ನಿನ್ನ ಹತ್ತಿರದ್ದು ‘ಸೊರೆ’, ಇಬ್ಬರಿಗೂ ದೂರದ್ದು ‘ಅರೆ’. ನಾಲ್ಕು ಆಯ್ಕೆ ಕೊಡುವ ಪ್ರಶ್ನೆಯಲ್ಲಿ ತಪ್ಪು ಆಯ್ಕೆಗಳನ್ನು ಇಲ್ಲಿಂದ ಆರಿಸಿ. ಯಾರೂ ಮುಟ್ಟದ ತಪ್ಪು ಉತ್ತರ ಇಟ್ಟರೆ ಅದು ಜಾಗ ತುಂಬಿಸಿದ ಹಾಗೆ ಅಷ್ಟೆ.

ಹುಡುಗರ ಹೋಮ್‌ವರ್ಕ್ ತಿದ್ದುವಾಗ ಒಂದು ನೋಟ್‌ಬುಕ್ ಪಕ್ಕದಲ್ಲಿರಲಿ. ಎರಡು ಸಲ ಕಂಡ ತಪ್ಪನ್ನೆಲ್ಲ ಬರೆದಿಡಿ. ಅದಕ್ಕಿಂತ ಒಳ್ಳೆಯ ಪ್ರಶ್ನೆಬ್ಯಾಂಕ್ ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಜರ್ಮನ್ ಕಲಿಸುವವರು ಇದೇ ರೀತಿ ಹುಡುಕಿಕೊಳ್ಳಿ. ಅಲ್ಲಿ ಸಾಮಾನ್ಯ ವಾಕ್ಯದಲ್ಲಿ ಕ್ರಿಯಾಪದ ಎರಡನೇ ಜಾಗಕ್ಕೆ ಬರಬೇಕು, ನಮ್ಮವರು ಕೊನೆಗೆ ಎಳೆದೊಯ್ಯುತ್ತಾರೆ. ‘ವೈಲ್’ ಅಂತ ಕಾರಣ ಹೇಳುವ ವಾಕ್ಯದಲ್ಲಿ ಮಾತ್ರ ಅದು ಕೊನೆಗೇ ಹೋಗುತ್ತದೆ. ಈ ಎರಡನ್ನೂ ಬೆರೆಸಿ ಕೇಳಿ.

ಗುರುತು ಹಾಕುವ ಪ್ರಶ್ನೆಗಳ ಬಗ್ಗೆ ಒಂದು ಲೆಕ್ಕ. ನಾಲ್ಕು ಆಯ್ಕೆಯ 20 ಪ್ರಶ್ನೆಗೆ ಕಣ್ಣು ಮುಚ್ಚಿ ಗುರುತು ಹಾಕಿದರೂ ಸರಾಸರಿ 5 ಸರಿಯಾಗುತ್ತದೆ. ಹಾಗಾಗಿ 20ಕ್ಕೆ 8 ಬಂದವನಿಗೆ ಭಾಷೆ ಹತ್ತಿರ ಹತ್ತಿರ ಅರ್ಧದಷ್ಟು ಬಂದಿದೆ ಅಂದುಕೊಳ್ಳಬೇಡಿ. ಸರಿ ಉತ್ತರವನ್ನೇ ಉದ್ದವಾಗಿ ಬರೆಯುವ ಚಾಳಿ ಇದ್ದರೆ ಬಿಡಿ. ಹುಡುಗರು ಅದನ್ನು ಎರಡನೇ ಪರೀಕ್ಷೆಗೇ ಕಂಡುಹಿಡಿಯುತ್ತಾರೆ.

ಓದುವ ಭಾಗಕ್ಕೆ ಸುಲಭ ಉಪಾಯ ಖಾಲಿ ಜಾಗದ ಪ್ಯಾರಾ. 1953ರಲ್ಲಿ ವಿಲ್ಸನ್ ಟೇಲರ್ ಅನ್ನುವವರು ಒಂದು ಬರಹ ಎಷ್ಟು ಸುಲಭ ಅಂತ ಅಳೆಯುವುದಕ್ಕೆ ಮಾಡಿದ ತಂತ್ರ ಅದು. ಇಷ್ಟಿಷ್ಟು ಪದಕ್ಕೆ ಒಂದನ್ನು ಅಳಿಸಿ ತುಂಬಲು ಹೇಳುವುದು. ಜಪಾನಿಯಲ್ಲಿ ಪದಗಳ ನಡುವೆ ಜಾಗ ಬಿಡುವುದಿಲ್ಲ, ಪದ ಎಣಿಸುವುದೇ ಒಂದು ಜಗಳ. ನಾನು ಎಣಿಸುವುದಿಲ್ಲ. ವಿಭಕ್ತಿಯ ಹಾಗೆ ಬರುವ ‘ನಿ’, ‘ದೆ’, ‘ಒ’ಗಳನ್ನು ಅಳಿಸುತ್ತೇನೆ. ಎಂಟು ಸಾಲಿನ ಪ್ಯಾರಾ, ಹತ್ತು ಖಾಲಿ. ಮೊದಲ ಸಾಲನ್ನು ಮುಟ್ಟಬೇಡಿ, ಓದುವವರಿಗೆ ಕಾಲೂರಲು ಜಾಗ ಬೇಕು.

ಕೇಳಿಸುವುದು

ದೊಡ್ಡ ವ್ಯವಸ್ಥೆ ಏನೂ ಬೇಡ. ಫೋನಿನಲ್ಲಿ ರೆಕಾರ್ಡ್ ಮಾಡಿ, ಬ್ಲೂಟೂತ್ ಸ್ಪೀಕರಿನಲ್ಲಿ ಹಾಕಿ. ನಿಮ್ಮ ದನಿಯೊಂದೇ ಬೇಡ, ಅದು ಅವರಿಗೆ ಅಭ್ಯಾಸವಾಗಿರುತ್ತದೆ. ಬೇರೆ ಊರಿನ ಸ್ನೇಹಿತರಿಂದ ಅರ್ಧ ನಿಮಿಷದ್ದು ಐದು ತರಿಸಿಕೊಳ್ಳಿ. ಹಿಂದಿನ ದಿನ ಸ್ಪೀಕರ್ ಚಾರ್ಜ್ ಮಾಡಿ, ಕರೆಂಟನ್ನು ನಂಬಬೇಡಿ. ಕೋಣೆಯ ಕೊನೆಯ ಬೆಂಚಿನಲ್ಲಿ ಕೂತು ನೀವೇ ಒಮ್ಮೆ ಕೇಳಿ. ನಮ್ಮ ಕೋಣೆಯ ಪಕ್ಕ ಬಸ್ಸುಗಳು ನಿಲ್ಲುತ್ತವೆ. ಒಂದು ಸಲ ಕಂಡಕ್ಟರನ ‘ಬೆಂಗ್ಳೂರ್ ಬೆಂಗ್ಳೂರ್’ನಲ್ಲಿ ಮೂರು ಪ್ರಶ್ನೆ ಮುಳುಗಿಹೋದವು. ಆ ಮೂರನ್ನು ಲೆಕ್ಕದಿಂದಲೇ ತೆಗೆದೆ.

ಏನು ಕೇಳಿಸಬೇಕು? ಗಂಟೆ ಮತ್ತು ತಾರೀಖು. ‘ಇಚಿಜಿ’ ಒಂದು ಗಂಟೆ, ‘ಶಿಚಿಜಿ’ ಏಳು ಗಂಟೆ. ಇಲ್ಲಿ ನಮ್ಮವರೂ ಬೀಳುತ್ತಾರೆ. ನಾಲ್ಕು ಗಂಟೆ ‘ಯೊಜಿ’, ಒಂಬತ್ತು ಗಂಟೆ ‘ಕುಜಿ’. ನಾಲ್ಕನೇ ತಾರೀಖು ‘ಯೊಕ್ಕ’, ಎಂಟನೇ ತಾರೀಖು ‘ಯೋಕ’. ಶಿಫ್ಟ್ ಏಳಕ್ಕೋ ಒಂದಕ್ಕೋ ಅನ್ನುವುದು ಕೆಲಸದ ಪ್ರಶ್ನೆ, ಅಂಕದ್ದಷ್ಟೇ ಅಲ್ಲ. ಪ್ರಶ್ನೆ ಓದಿಕೊಳ್ಳಲು ಮೊದಲೇ ಒಂದು ನಿಮಿಷ ಕೊಡಿ. ಕ್ಲಾಸಿನ ಪರೀಕ್ಷೆಯಲ್ಲಿ ಎರಡು ಸಲ ಹಾಕಿ. ದೊಡ್ಡ ಪರೀಕ್ಷೆಗೆ ತಯಾರಿ ನಡೆಸುವ ಬ್ಯಾಚಿಗೆ ಒಂದೇ ಸಲ, ಯಾಕೆಂದರೆ ಅಲ್ಲಿ ಎರಡನೇ ಸಲ ಕೇಳಿಸುವುದಿಲ್ಲ.

ಮಾತಿನ ಪರೀಕ್ಷೆ

ಇದನ್ನು ಬಿಡಲು ಎಲ್ಲರಿಗೂ ಒಂದೇ ನೆಪ: ಟೈಮಿಲ್ಲ. ಲೆಕ್ಕ ಹಾಕೋಣ. 18 ಜನ, ಇಬ್ಬಿಬ್ಬರ ಜೋಡಿ, ಜೋಡಿಗೆ ಎಂಟು ನಿಮಿಷ. ಒಂಬತ್ತು ಜೋಡಿಗೆ 72 ನಿಮಿಷ. ಒಂದು ಸಂಜೆಯ ಕ್ಲಾಸು. ಒಳಗೆ ಒಂದು ಜೋಡಿ ಮಾತಾಡುವಾಗ ಹೊರಗಿನವರು ಬರೆಯುವ ಭಾಗ ಮುಗಿಸಲಿ.

ಎಂಟು ನಿಮಿಷದಲ್ಲಿ ಮೂರು ಕೆಲಸ. ಮೊದಲೆರಡು ನಿಮಿಷ ಹೆಸರು, ಊರು, ಕೆಲಸ. ಇದು ಬಾಯಿ ಬೆಚ್ಚಗಾಗುವುದಕ್ಕೆ, ಅಂಕ ಹಾಕಬೇಡಿ. ಎಲ್ಲರೂ ಉರು ಹೊಡೆದು ಬಂದಿರುತ್ತಾರೆ. ಆಮೇಲೆ ಚೀಟಿ ಆಟ. ಇಬ್ಬರ ಕೈಗೂ ಕೋಲಾರ–ಬೆಂಗಳೂರು ಬಸ್ಸಿನ ವೇಳಾಪಟ್ಟಿ. ಒಬ್ಬಳ ಹಾಳೆಯಲ್ಲಿರುವ ಸಮಯ ಇನ್ನೊಬ್ಬನ ಹಾಳೆಯಲ್ಲಿ ಇಲ್ಲ. ಒಬ್ಬರ ಹಾಳೆ ಒಬ್ಬರು ನೋಡುವ ಹಾಗಿಲ್ಲ. ಜಪಾನಿಯಲ್ಲೇ ಕೇಳಿ ತುಂಬಿಸಿಕೊಳ್ಳಬೇಕು. ಇಲ್ಲಿ ಉರು ಹೊಡೆದದ್ದು ನಡೆಯುವುದಿಲ್ಲ, ನಿಜವಾಗಿ ಕೇಳಲೇಬೇಕು. ಕೊನೆಗೆ ಒಂದು ಸನ್ನಿವೇಶ: ಬಸ್ ಕೆಟ್ಟಿದೆ, ಮೇಲಿನವರಿಗೆ ಫೋನ್ ಮಾಡಿ ಹೇಳು. ಮೇಲಿನವರು ನೀವೇ. ನಡುವೆ ಒಂದು ಮಾತನ್ನು ಬೇಕಂತಲೇ ಅಸ್ಪಷ್ಟವಾಗಿ ಹೇಳಿ. ‘ಇನ್ನೊಮ್ಮೆ ಹೇಳಿ’ ಅಂತ ಕೇಳುತ್ತಾಳಾ ನೋಡಿ.

ಚೀಟಿಗಳು ನಾಲ್ಕು ಬಗೆಯಾದರೂ ಇರಲಿ. ಮೊದಲ ಜೋಡಿ ಹೊರಗೆ ಹೋದ ಎರಡನೇ ನಿಮಿಷಕ್ಕೆ ವಾಟ್ಸಾಪಿನಲ್ಲಿ ಎಲ್ಲ ಬಯಲಾಗಿರುತ್ತದೆ.

ಅಂಕ ಹಾಕಲು ನಾಲ್ಕು ಕಂಬ, ಕಂಬಕ್ಕೆ 5: ಕೆಲಸ ಆಯಿತಾ, ಅರ್ಥವಾಗುವ ಹಾಗೆ ಹೇಳಿದಳಾ, ವಾಕ್ಯ ಸರಿಯಿದೆಯಾ, ಎದುರಿನವರ ಮಾತಿಗೆ ಸ್ಪಂದಿಸಿದಳಾ. 5 ಅಂದರೇನು, 3 ಅಂದರೇನು, 1 ಅಂದರೇನು ಅಂತ ಮುಂಚೆಯೇ ಒಂದೊಂದು ವಾಕ್ಯ ಬರೆದಿಡಿ. ‘ಕೆಲಸ ಆಯಿತಾ’ ಕಂಬಕ್ಕೆ ನನ್ನ 3 ಹೀಗಿದೆ: ‘ಸಮಯ ಸಿಕ್ಕಿತು, ಆದರೆ ಎರಡಕ್ಕಿಂತ ಹೆಚ್ಚು ಸಲ ನಾನು ಕೈ ಹಿಡಿಯಬೇಕಾಯಿತು’. ಹೀಗೆ ಬರೆದಿಡದೆ ಕೂತರೆ ಸಂಜೆ ಐದಕ್ಕೆ ಬಂದವರಿಗೆ ಕೈ ಬಿಗಿ, ಏಳಕ್ಕೆ ಬಂದವರಿಗೆ ಧಾರಾಳ. ನನಗೇ ಆಗಿದೆ.

ತಪ್ಪನ್ನು ಆಗಲೇ ತಿದ್ದಬೇಡಿ. ಮೇಷ್ಟರ ನಾಲಿಗೆಗೆ ಇದು ಬಹಳ ಕಷ್ಟ, ಗೊತ್ತು. ಒಪ್ಪಿಗೆ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ವಾರ ಬಿಟ್ಟು, ಹಳೆಯ ಅಂಕ ನೋಡದೆ, ನಾಲ್ಕು ಜೋಡಿಗೆ ಮತ್ತೆ ಅಂಕ ಹಾಕಿ. ಎರಡಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ನಿಮ್ಮ ಕಂಬಗಳನ್ನು ರಿಪೇರಿ ಮಾಡಬೇಕು ಅಂತ ಅರ್ಥ. ಇನ್ನೊಬ್ಬ ಮೇಷ್ಟರು ಸಿಕ್ಕರೆ ಅವರ ಕೈಲೂ ಹಾಕಿಸಿ.

ತಿದ್ದುವುದು

ಬರಹದ ಪೇಪರಿಗೆ ಎರಡೇ ಮಾತು. ಹೆಸರಿನ ಜಾಗ ಮಡಚಿ. ಒಬ್ಬರ ಪೇಪರ್ ಪೂರ್ತಿ ತಿದ್ದಿ ಇನ್ನೊಬ್ಬರದ್ದಕ್ಕೆ ಹೋಗಬೇಡಿ, ಎಲ್ಲರ ಮೂರನೇ ಪ್ರಶ್ನೆ ಮುಗಿಸಿ ನಾಲ್ಕನೆಯದಕ್ಕೆ ಹೋಗಿ. ಉತ್ತರವನ್ನು ಕನ್ನಡ ಲಿಪಿಯಲ್ಲಿ ಬರೆದರೆ ಅಂಕ ಕೊಡುತ್ತೀರಾ ಇಲ್ಲವಾ, ಮೊದಲೇ ಹೇಳಿಬಿಡಿ. ನಾನು ಕೇಳಿಸುವ ಭಾಗದಲ್ಲಿ ಕೊಡುತ್ತೇನೆ. ಅಲ್ಲಿ ಅಳೆಯುತ್ತಿರುವುದು ಕಿವಿಯನ್ನು, ಕೈಬರಹವನ್ನಲ್ಲ.

ಪೇಪರಿಗೇ ಅಂಕ ಹಾಕುವುದು

ಹೆಚ್ಚಿನವರು ಅಂಕ ಓದಿ ಹೇಳಿ ಕೈ ತೊಳೆದುಕೊಳ್ಳುತ್ತಾರೆ. ಇನ್ನೊಂದು ಅರ್ಧ ಗಂಟೆ ಕೂತುಕೊಳ್ಳಿ. 18 ಪೇಪರನ್ನು ಅಂಕದ ಪ್ರಕಾರ ಜೋಡಿಸಿ. ಮೇಲಿನ ಆರು, ಕೆಳಗಿನ ಆರು ತೆಗೆದುಕೊಳ್ಳಿ. ಪ್ರತಿ ಪ್ರಶ್ನೆಗೂ ಮೇಲಿನವರಲ್ಲಿ ಎಷ್ಟು ಜನ ಸರಿ, ಕೆಳಗಿನವರಲ್ಲಿ ಎಷ್ಟು ಜನ ಸರಿ ಅಂತ ಎಣಿಸಿ. ಆರಕ್ಕೆ ಆರು, ಆರಕ್ಕೆ ಎರಡು ಬಂದರೆ ಒಳ್ಳೆಯ ಪ್ರಶ್ನೆ. ಎರಡೂ ಕಡೆ ಆರು ಬಂದರೆ ಅದು ಎಲ್ಲರಿಗೂ ಬರುವ ಪ್ರಶ್ನೆ, ಒಂದೆರಡು ಇದ್ದರೆ ಪರವಾಗಿಲ್ಲ. ಎರಡೂ ಕಡೆ ಸೊನ್ನೆ ಬಂದರೆ ಪಾಠವನ್ನೇ ಇನ್ನೊಮ್ಮೆ ಮಾಡಿ.

ಒಂದು ಸಲ ನನಗೆ ಉಲ್ಟಾ ಬಂತು. ‘ಸೊರೆ’ಯೋ ‘ಅರೆ’ಯೋ ಅನ್ನುವ ಚಿತ್ರದ ಪ್ರಶ್ನೆ. ಮೇಲಿನ ಆರರಲ್ಲಿ ಇಬ್ಬರು ಸರಿ, ಕೆಳಗಿನ ಆರರಲ್ಲಿ ಐವರು ಸರಿ! ಚಿತ್ರ ತೆಗೆದು ನೋಡಿದೆ. ಮಾತಾಡುವವನು ಎಲ್ಲಿ ನಿಂತಿದ್ದಾನೆ ಅಂತ ನಾನು ಬರೆದದ್ದೇ ಗೋಜಲಾಗಿತ್ತು. ಜಾಣರು ಯೋಚನೆ ಮಾಡಿ ಕೆಟ್ಟರು, ಮಿಕ್ಕವರು ಕಂಡದ್ದಕ್ಕೆ ಗುರುತು ಹಾಕಿ ಗೆದ್ದರು. ಆ ಪ್ರಶ್ನೆಯ ಅಂಕ ಎಲ್ಲರಿಗೂ ಕೊಟ್ಟೆ, ಚಿತ್ರ ಹರಿದು ಹಾಕಿದೆ.

ಹೊರಗಿನ ಪರೀಕ್ಷೆ

ಕೊನೆಗೆ ಎಲ್ಲರೂ ಕೇಳುವುದು ಎನ್5 ಬಗ್ಗೆ. ಜಪಾನಿ ಎಷ್ಟು ಬರುತ್ತದೆ ಅಂತ ಅಳೆಯುವ ಜೆಎಲ್‌ಪಿಟಿ ಪರೀಕ್ಷೆಯ ಒಂದು ಹಂತ ಅದು. ಈ ಪರೀಕ್ಷೆ 1984ರಿಂದ ಇದೆ. ಎನ್5ರಿಂದ ಎನ್1ವರೆಗಿನ ಐದು ಹಂತ ಬಂದದ್ದು 2010ರಲ್ಲಿ. ಎನ್5 ಎಲ್ಲಕ್ಕಿಂತ ಸುಲಭದ್ದು. ಜುಲೈ ಮತ್ತು ಡಿಸೆಂಬರಿನ ಮೊದಲ ಭಾನುವಾರ ನಡೆಯುತ್ತದೆ, ನಮಗೆ ಹತ್ತಿರದ ಕೇಂದ್ರ ಬೆಂಗಳೂರು. ಎನ್5ಗೆ ಪದಗಳು 20 ನಿಮಿಷ, ವ್ಯಾಕರಣ ಮತ್ತು ಓದು 40, ಕೇಳುವುದು 30. ಅಣಕು ಪರೀಕ್ಷೆಯನ್ನು ಇದೇ ಗಡಿಯಾರದಲ್ಲಿ ನಡೆಸಿ.

ಪಾಸಿನ ಲೆಕ್ಕವನ್ನು ಮೊದಲೇ ಬೋರ್ಡಿನ ಮೇಲೆ ಬರೆಯಿರಿ. ಒಟ್ಟು 180ಕ್ಕೆ 80 ಬೇಕು. ಜೊತೆಗೆ ಭಾಷೆ–ಓದು ಭಾಗದ 120ರಲ್ಲಿ 38, ಕೇಳುವ ಭಾಗದ 60ರಲ್ಲಿ 19 ಬರಲೇಬೇಕು. ಓದಿನಲ್ಲಿ 70, ಕೇಳುವುದರಲ್ಲಿ 15 ಬಂದರೆ ಒಟ್ಟು 85. ಆದರೂ ಫೇಲು. ಇದನ್ನು ಕೇಳಿದ ಮೇಲೆ ಹುಡುಗರು ಫೋನಿನಲ್ಲಿ ಸಿನಿಮಾ ಹಾಡಿನ ಜೊತೆ ಜಪಾನಿಯನ್ನೂ ಕೇಳಲು ಶುರು ಮಾಡುತ್ತಾರೆ. ಕೆಲಸಕ್ಕೆ ಜಪಾನಿಗೆ ಹೋಗುವವರಿಗೆ 2019ರಿಂದ ‘ತೊಕುತೆಯ್ ಗಿನೋ’ ವೀಸಾ ಇದೆ. ಅದಕ್ಕೆ ಎನ್4 ಆಗಬೇಕು, ಇಲ್ಲವೇ ಕಂಪ್ಯೂಟರಿನಲ್ಲಿ ಬರೆಯುವ ಇನ್ನೊಂದು ಜಪಾನಿ ಪರೀಕ್ಷೆ ಜೆಎಫ್‌ಟಿ ಬೇಸಿಕ್‌ನಲ್ಲಿ 250ಕ್ಕೆ 200.

ಗಮನಿಸಿ, ಜೆಎಲ್‌ಪಿಟಿ, ಜೆಎಫ್‌ಟಿ ಎರಡರಲ್ಲೂ ಮಾತಿನ ಪರೀಕ್ಷೆ ಇಲ್ಲ. ಜರ್ಮನ್‌ಗೆ ಗೋಥೆ ಸಂಸ್ಥೆ ನಡೆಸುವ ಎ1 ಪರೀಕ್ಷೆಯಲ್ಲಿ ಇದೆ, ಜಪಾನಿಯ ಈ ಪರೀಕ್ಷೆಗಳಲ್ಲಿ ಇಲ್ಲ. ಅದಕ್ಕೇ ಎನ್5 ಹತ್ತಿರ ಬಂದ ಹಾಗೆ ನಮ್ಮಂಥ ಕ್ಲಾಸುಗಳಲ್ಲಿ ಮಾತು ನಿಂತುಹೋಗುತ್ತದೆ. ಹುಡುಗರೇ ‘ಇದು ಪರೀಕ್ಷೆಗೆ ಬರುತ್ತಾ ಸಾರ್’ ಅನ್ನುತ್ತಾರೆ. ನಾನು ಒಂದು ನಿಯಮ ಮಾಡಿದ್ದೇನೆ. ನನ್ನ ಕ್ಲಾಸಿನ ಸರ್ಟಿಫಿಕೇಟ್ ಬೇಕಾದರೆ ಮಾತಿನಲ್ಲಿ 20ಕ್ಕೆ 10 ಬರಲೇಬೇಕು, ಮಿಕ್ಕಿದ್ದರಲ್ಲಿ ಎಷ್ಟೇ ಬಂದಿರಲಿ. 47 ತೆಗೆದಿದ್ದ ಹುಡುಗಿಗೆ ಮೊದಲ ಸಲ 8 ಬಂತು. ಒಂದು ವಾರ ನನ್ನ ಜೊತೆ ಮಾತು ಬಿಟ್ಟಳು, ಜಪಾನಿಯಲ್ಲೂ ಕನ್ನಡದಲ್ಲೂ. ಎರಡನೇ ಸಲ 13.

ಪರೀಕ್ಷೆ ಮುಗಿದ ಮೇಲೆ ಪೇಪರ್ ವಾಪಸ್ ಕೊಡಿ. ಅಂಕದ ಕೆಳಗೆ ಒಂದೇ ಸಾಲು ಬರೆಯಿರಿ: ‘ಗಂಟೆಗಳು ಚೆನ್ನಾಗಿವೆ, ನಿ–ದೆ ಮತ್ತೆ ನೋಡು’. ಅಷ್ಟು ಸಾಕು, ಕೆಂಪು ಶಾಯಿ ಸುರಿಯಬೇಡಿ. ಗೆದ್ದ ಪ್ರಶ್ನೆಗಳನ್ನು ಒಂದೊಂದು ಚೀಟಿಯಲ್ಲಿ ಬರೆದು, ಹಿಂದೆ ಆ ಆರು–ಆರರ ಲೆಕ್ಕ ಹಾಕಿ ಎತ್ತಿಡಿ. ನಾನು ಹಳೆಯ ಬಿಸ್ಕತ್ ಡಬ್ಬದಲ್ಲಿ ಇಟ್ಟಿದ್ದೇನೆ. ಮೊದಲು ಕ್ಲಾಸಿನ ಕಿಟಕಿಯಲ್ಲೇ ಇತ್ತು. ಒಂದು ಬ್ಯಾಚಿನವರೆಲ್ಲ ಏಕಾಏಕಿ ಜಾಣರಾದ ಮೇಲೆ ಮನೆಗೆ ತಂದೆ.